ವೆಲ್ಡರ್ ಕೋರ್ಸಿನ ದುಡ್ಡು ಸಿಮ್ಯುಲೇಟರಿಗೋ, ರಾಡಿಗೋ?

ಕರ್ನಾಟಕದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಜೊತೆಗಿನ ಯೋಜನೆಯಲ್ಲಿ ಹೊಸ ರೂಪ ಪಡೆದವು. 2022ರ ಜೂನ್‌ನಲ್ಲಿ ಉದ್ಘಾಟನೆಯೂ ಆಯಿತು. ಖರ್ಚು 4,700 ಕೋಟಿ ರೂಪಾಯಿಗೂ ಜಾಸ್ತಿ. ರೋಬೋಟ್ ನಡೆಸುವುದನ್ನು ಕಲಿಸುವ ಕಾಲದಲ್ಲಿ ಒಂದು ವರ್ಷದ ವೆಲ್ಡರ್ ಟ್ರೇಡ್ ಹೇಗಿರಬೇಕು? ಪರದೆಯ ಮೇಲೆ ವೆಲ್ಡಿಂಗ್ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್ ಮತ್ತು ಶೀಟಿನ ಅಂಚುಗಳನ್ನು ಉದ್ದಕ್ಕೂ ತಾನೇ ಬೆಸೆಯುವ ಸ್ವಯಂಚಾಲಿತ ಸೀಮ್ ವೆಲ್ಡಿಂಗ್ ಯಂತ್ರಕ್ಕೆ ಅಲ್ಲಿ ಮೊದಲ ಜಾಗ ಕೊಡಬೇಕೆ?

ಪರ: ಮೊದಲು ಕೈ ಪಳಗಲಿ, ಆಮೇಲೆ ಕಬ್ಬಿಣ

ಹೊಸಬನ ಕೈಗೆ ಹೋಲ್ಡರ್ (ರಾಡ್ ಕಚ್ಚಿ ಹಿಡಿಯುವ ಹಿಡಿಕೆ) ಕೊಟ್ಟರೆ ಮೊದಲು ಆಗುವುದು ಕರಗಿ ಬೆಸುಗೆಯಾಗಬೇಕಾದ ರಾಡ್ ಪ್ಲೇಟಿಗೆ ಅಂಟಿಕೊಳ್ಳುವುದು. ಎಳೆದರೂ ಬರುವುದಿಲ್ಲ. ಕಿಡಿ ಹಾರಿದರೆ ಹುಡುಗ ಮುಖ ತಿರುಗಿಸುತ್ತಾನೆ. ಮುಖದ ಶೀಲ್ಡ್ ಇಳಿಸುವ ಮುಂಚೆ ಆರ್ಕ್ (ರಾಡ್ ತುದಿಯ ಕರೆಂಟಿನ ಉರಿ) ಹೊಡೆದನೋ, ರಾತ್ರಿಯಿಡೀ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಮೊದಲ ಕೆಲವು ವಾರ ಈ ಭಯದಲ್ಲೇ ಹೋಗುತ್ತದೆ. ರಾಡ್ ಮತ್ತು ಪ್ಲೇಟ್ ಸುಮ್ನೆ ಗುಜರಿಗೆ.

ಸಿಮ್ಯುಲೇಟರಿನಲ್ಲಿ ಹೆಲ್ಮೆಟ್ ಒಳಗೇ ಪರದೆ. ಟಾರ್ಚ್ (ಬೆಸುಗೆ ಹಾಕುವ ಹಿಡಿಕೆ) ಹಿಡಿದ ಕೋನ, ಆರ್ಕ್ ಉದ್ದ, ಕೈ ಸಾಗುವ ವೇಗ ಮೂರನ್ನೂ ಅದು ಅಳೆಯುತ್ತದೆ. ಮೇಲೆ ಕಟ್ಟಿದ ಸ್ಲ್ಯಾಗ್ ಪದರ ಕುಟ್ಟಿ ತೆಗೆದು, ಬೀಡ್ (ಬೆಸುಗೆಯ ಗೆರೆ) ನೋಡಿ "ಸ್ಪೀಡ್ ಜಾಸ್ತಿ ಆಯ್ತು" ಅಂತ ಮೇಷ್ಟ್ರು ಹೇಳುವುದು ಬೇರೆ, ಕೈ ಸಾಗುತ್ತಿರುವಾಗಲೇ ತಪ್ಪು ಗೊತ್ತಾಗುವುದು ಬೇರೆ. 20 ಹುಡುಗರ ಬ್ಯಾಚಿನಲ್ಲಿ ಒಬ್ಬ ಮೇಷ್ಟ್ರು ಎಷ್ಟು ಜನರ ಕೈ ನೋಡಿಯಾರು?

ಅಮೆರಿಕದ ಅಯೋವಾ ಸ್ಟೇಟ್ ಯೂನಿವರ್ಸಿಟಿಯವರು ಇದನ್ನು ಪರೀಕ್ಷಿಸಿದ್ದಾರೆ. ಅರ್ಧ ಸಮಯ ಸಿಮ್ಯುಲೇಟರ್, ಅರ್ಧ ಸಮಯ ನಿಜವಾದ ವೆಲ್ಡಿಂಗ್ ಬೂತ್‌ನಲ್ಲಿ ಕಲಿತವರು, ಬೂತ್‌ನಲ್ಲಷ್ಟೇ ಕಲಿತವರಿಗಿಂತ ಚೆನ್ನಾಗಿ ಸರ್ಟಿಫಿಕೇಟ್ ಪಡೆದರು. ಆರೋಗ್ಯದ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಬರೀ ಕೈ ಪಳಗಿಸಲು ಆ ಹೊಗೆ ಯಾಕೆ ಕುಡಿಯಬೇಕು?

ಇನ್ನು ಸೀಮ್ ಯಂತ್ರ. ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ಟ್ಯಾಂಕ್ ನೋಡಿ. ತೆಳ್ಳನೆಯ ಸ್ಟೇನ್‌ಲೆಸ್ ಶೀಟನ್ನು ಸುರುಳಿ ಮಾಡಿ, ಎರಡು ಅಂಚನ್ನು ತಾಮ್ರದ ಬೆರಳುಗಳಿಂದ ಒತ್ತಿ ಹಿಡಿದು, ಹಳಿಯ ಮೇಲೆ ಟಾರ್ಚ್ ಓಡಿಸುತ್ತಾರೆ. ಗಾಳಿ ತಾಗಿ ಬೆಸುಗೆ ಕೆಡದಂತೆ ಹಿಂಬದಿಯಿಂದಲೂ ಆರ್ಗಾನ್ ಅನಿಲ ಬಿಡುತ್ತಾರೆ. ಟ್ರಾನ್ಸ್‌ಫಾರ್ಮರ್ ರೇಡಿಯೇಟರ್, ವಾಹನದ ಪೆಟ್ರೋಲ್ ಟ್ಯಾಂಕ್‌ಗಳದ್ದು ಇನ್ನೊಂದು ದಾರಿ: ಎರಡು ತಾಮ್ರದ ಚಕ್ರಗಳ ನಡುವೆ ಶೀಟ್ ಸಾಗುತ್ತದೆ, ಕರೆಂಟ್ ಬಿಟ್ಟುಬಿಟ್ಟು ಹರಿಯುತ್ತದೆ, ರಾಡೇ ಬೇಡ. ಎಣ್ಣೆ ಒಂದು ಹನಿಯೂ ಸೋರಬಾರದ ಜಾಗವಿದು. ದಿನವಿಡೀ ಒಂದೇ ವೇಗದಲ್ಲಿ ಸಾಗುವ ಕೈ ಯಾವ ಮನುಷ್ಯನಿಗೂ ಇಲ್ಲ. ಈ ಯಂತ್ರವನ್ನೇ ನೋಡದ ಹುಡುಗ ಪೀಣ್ಯದ ಕಾರ್ಖಾನೆಗೆ ಹೋದರೆ ಹೆಲ್ಪರ್ ಆಗಿಯೇ ಉಳಿಯುತ್ತಾನೆ.

ವಿರೋಧ: ಪರದೆಗೆ ಬಿಸಿ ಇಲ್ಲ

ಆ ಅಯೋವಾ ಅಧ್ಯಯನವನ್ನೇ ಇನ್ನೊಮ್ಮೆ ಓದಿ. ಗೆದ್ದಿದ್ದು ಅರ್ಧರ್ಧ ತರಬೇತಿ. ಅಂದರೆ ಉಳಿದರ್ಧ ನಿಜವಾದ ಕಬ್ಬಿಣ, ನಿಜವಾದ ರಾಡ್ ಇತ್ತು ಅಲ್ವಾ? ಪೂರ್ತಿ ಸಿಮ್ಯುಲೇಟರಿನಲ್ಲೇ ಕಲಿಸಿ ನೋಡಿದ ಮುಂದಿನ ಅಧ್ಯಯನದಲ್ಲಿ ಸುಲಭದ ವೆಲ್ಡ್‌ಗಳಿಗೆ ಅದು ಸಾಕಾಯಿತು, ಕಷ್ಟದವಕ್ಕೆ ಮಿಶ್ರ ತರಬೇತಿಯೇ ಬೇಕಾಯಿತು. ನಮ್ಮಲ್ಲಿ ತೊಂದರೆ ಇರುವುದು ಆ ಉಳಿದರ್ಧದಲ್ಲಿ. ದುಡ್ಡೆಲ್ಲ ಯಂತ್ರಕ್ಕೆ ಹೋದರೆ ರಾಡ್ ಎಣಿಸಿ ಕೊಡುವ ಪರಿಸ್ಥಿತಿ ಬರುತ್ತದೆ.

ನಿಜವಾದ ಪ್ಲೇಟ್ ಬಿಸಿಗೆ ಬಾಗುತ್ತದೆ. ಟ್ಯಾಕ್ (ಪ್ಲೇಟುಗಳನ್ನು ಹಿಡಿದಿಡುವ ಚಿಕ್ಕ ಬೆಸುಗೆ) ಸರಿ ಹಾಕದಿದ್ದರೆ ಅರ್ಧ ದಾರಿಯಲ್ಲಿ ಗ್ಯಾಪ್ ಮುಚ್ಚಿಕೊಂಡು, ರೂಟ್, ಅಂದರೆ ಮೊದಲ ಬೆಸುಗೆ, ತಳದವರೆಗೆ ಇಳಿಯುವುದೇ ಇಲ್ಲ. ತುಕ್ಕು, ಪೇಂಟ್, ಎಣ್ಣೆ ಇದ್ದರೆ ಬೀಡ್ ತುಂಬ ತೂತು. ಮಂಗಳೂರಿನ ಮಳೆಗಾಲದಲ್ಲಿ 7018 ಎಂಬ ನಂಬರಿನ ರಾಡನ್ನು ಪ್ಯಾಕೆಟ್ ಒಡೆದು ಹೊರಗಿಟ್ಟರೆ ತೇವ ಹೀರುತ್ತದೆ. ಓವನ್‌ನಲ್ಲಿ ಒಣಗಿಸದೆ ಹೊಡೆದರೆ ಜಾಯಿಂಟ್ ಆಮೇಲೆ ಸೀಳು ಬಿಡಬಹುದು. ಸಿಮ್ಯುಲೇಟರಿನ ಪ್ಲೇಟ್ ಮಾತ್ರ ಯಾವಾಗಲೂ ಹೊಸದು, ಯಾವಾಗಲೂ ಸ್ವಚ್ಛ.

ಹೊಗೆಯ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ಕೋರ್ಸ್ ಮುಗಿದ ಮೇಲೆ ಅವನು ಮೂವತ್ತು ವರ್ಷ ಅದೇ ಹೊಗೆಯಲ್ಲಿ ನಿಲ್ಲುತ್ತಾನೆ. ಬೂತ್‌ಗೆ ಒಳ್ಳೆಯ ಎಕ್ಸಾಸ್ಟ್ ಹಾಕಿ, ಗಾಳಿ ನೋಡಿ ನಿಲ್ಲುವುದನ್ನು, ಮಾಸ್ಕ್ ಕಟ್ಟುವುದನ್ನು ಅಲ್ಲೇ ಕಲಿಸಿದರೆ ಆ ಅಭ್ಯಾಸ ಜೊತೆಗೇ ಹೋಗುತ್ತದೆ.

ಸೀಮ್ ಯಂತ್ರದ್ದು ಬೇರೆಯೇ ಕತೆ. ಸಾದಾ ಸೀಮ್ ಯಂತ್ರಕ್ಕೆ ಕಣ್ಣಿಲ್ಲ, ಕೊಟ್ಟ ಗೆರೆಯಲ್ಲಿ ಹೋಗುತ್ತದೆ. ಅಂಚು ನೇರವಾಗಿ ಕತ್ತರಿಸದಿದ್ದರೆ, ನಡುವೆ ಸಂದು ಬಿಟ್ಟರೆ ಸುಟ್ಟು ತೂತು ಮಾಡಿ ಮುಂದೆ ಸಾಗುತ್ತದೆ. ಕರೆಂಟ್ ಎಷ್ಟು, ವೇಗ ಎಷ್ಟು ಅಂತ ಸೆಟ್ ಮಾಡಬೇಕಾದವನು ಕರಗಿದ ಲೋಹ ನೋಡಿ "ಬಿಸಿ ಜಾಸ್ತಿ" ಅಂತ ಹೇಳಬಲ್ಲವನಾಗಿರಬೇಕು. ಆ ಕಣ್ಣು ಬರುವುದು ಕೈಯಿಂದ ಹೊಡೆದು ಹೊಡೆದೇ. ಆಮೇಲೆ ಯಂತ್ರ ಕಲಿಯುವುದು ಅಂಥ ದೊಡ್ಡ ವಿಷಯವಲ್ಲ. ಕಾರ್ಖಾನೆಯೊಂದು ತನ್ನ ಟ್ಯಾಂಕಿನ ಅಳತೆಗೆ ಮಾಡಿಸಿಕೊಳ್ಳುವ ಯಂತ್ರವನ್ನು ಐಟಿಐಗೆ ತಂದರೆ, ವಾರಕ್ಕೆರಡು ಶೀಟ್ ಜೋಡಿಸಿ ಬಂದವರಿಗೆ ತೋರಿಸಬಹುದು, ಅಷ್ಟೇ.

ಕೆಲಸ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ನೋಡಬೇಕು. ಎಲ್ಲರೂ ಪೀಣ್ಯಕ್ಕೆ ಹೋಗುವುದಿಲ್ಲ. ಗ್ರಿಲ್ ಅಂಗಡಿ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್, ಕಟ್ಟಡದ ಟ್ರಸ್ ಇವೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಲ್ಲಿ ಆಫ್ ಸೀಸನ್ ಬಂತೆಂದರೆ ಬಾಯ್ಲರ್ ರಿಪೇರಿ. ಟ್ಯೂಬ್‌ಗಳ ನಡುವೆ ಕೈ ತೂರದ ಜಾಗದಲ್ಲಿ, ಒಮ್ಮೊಮ್ಮೆ ಕನ್ನಡಿ ಹಿಡಿದು ಅದರೊಳಗೆ ನೋಡಿಕೊಂಡೇ ವೆಲ್ಡ್ ಮಾಡಬೇಕು. ಅಲ್ಲಿ ಯಾವ ಹಳಿಯೂ ಹಿಡಿಸದು. ಆ ಕೆಲಸಕ್ಕೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಗಳು) ಸರ್ಟಿಫಿಕೇಟ್ ಬೇಕು. ಪರೀಕ್ಷೆಯಲ್ಲಿ ಹೊಡೆದ ತುಂಡನ್ನು ಕತ್ತರಿಸಿ, ಬಗ್ಗಿಸಿ ನೋಡುತ್ತಾರೆ. 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಪೈಪ್, ಅಂದರೆ 6ಜಿ, ಹೊಡೆಯಬಲ್ಲವನಿಗೆ ಕೂಲಿಯೂ ಬೇರೆ, ಮರ್ಯಾದೆಯೂ ಬೇರೆ.

ಹಾಗಂತ ಸಿಮ್ಯುಲೇಟರ್ ಬೇಡವೇ ಬೇಡ ಅನ್ನುವುದಿಲ್ಲ. ಜಿಲ್ಲೆಗೊಂದಿರಲಿ, ಬ್ಯಾಚ್‌ಗಳು ಮೊದಲ ತಿಂಗಳು ಸರದಿಯಲ್ಲಿ ಬಳಸಲಿ. ಉಳಿದ ದುಡ್ಡಿಗೆ ರಾಡ್, ಪೈಪ್ ತುಂಡು, ಎಕ್ಸಾಸ್ಟ್ ಬರಲಿ. ಬಾಯ್ಲರ್ ಕೆಲಸದಿಂದ ನಿವೃತ್ತರಾದ ವೆಲ್ಡರುಗಳನ್ನು ಸಂಬಳ ಕೊಟ್ಟು ಕರೆಸಲಿ. ಡಿಗ್ರಿ ಇಲ್ಲ ಅನ್ನುವ ಕಾರಣಕ್ಕೆ ಅವರನ್ನು ಗೇಟಿನ ಹೊರಗೆ ನಿಲ್ಲಿಸುವ ನಿಯಮವಿದ್ದರೆ, ಮೊದಲು ಅದು ಹೋಗಲಿ.