ತುಪ್ಪ ಕೊಡದ ಜೇನುಗಳು

ಸಾಗರದ ಕಡೆ ಜೇನು ಅಂದರೆ ಎಲ್ಲರಿಗೂ ನೆನಪಾಗುವುದು ನಾಲ್ಕೇ. ಪೆಟ್ಟಿಗೆಗೆ ಬಗ್ಗುವ ತುಡುವೆ, ಯಾರಿಗೂ ಬಗ್ಗದ ಹೆಜ್ಜೇನು, ಗಿಡದ ಟೊಂಗೆಗೆ ಅಂಗೈಯಗಲ ಒಂದೇ ಎರಿ ಕಟ್ಟುವ ಕೋಲುಜೇನು, ಗೋಡೆ ಸಂದಿಯಲ್ಲಿ ಮೇಣದ ಕೊಳವೆಯನ್ನೇ ಬಾಗಿಲು ಮಾಡಿಕೊಳ್ಳುವ ಮಿಸ್ರಿ. ಮಿಸ್ರಿಯನ್ನೇ ದಕ್ಷಿಣ ಕನ್ನಡದವರು ಮುಜಂಟಿ ಅನ್ನುತ್ತಾರೆ. ನಾಲ್ಕೂ ತುಪ್ಪ ಕೊಡುತ್ತವೆ, ಅದಕ್ಕೇ ನಾಲ್ಕಕ್ಕೂ ನಮ್ಮಲ್ಲಿ ಮರ್ಯಾದೆ.

ಆದರೆ ಬಿಸಿಲೇರಿದ ಮೇಲೆ ತುಳಸಿ ಗಿಡದ ಹತ್ತಿರ ಸುಮ್ನೆ ನಿಂತು ನೋಡಿ. ಲೆಕ್ಕಕ್ಕೆ ಸಿಗದವು ಬರತೊಡಗುತ್ತವೆ. ಜಗತ್ತಿನಲ್ಲಿ 20,000ಕ್ಕೂ ಜಾಸ್ತಿ ಬಗೆಯ ಜೇನುಗಳಿವೆ, ಅವುಗಳಲ್ಲಿ ಬಹುಪಾಲು ಒಂಟಿ ಬಾಳಿನವು. ರಾಣಿ ಇಲ್ಲ, ಆಳುಗಳಿಲ್ಲ. ಒಂದು ಹೆಣ್ಣು ತಾನೇ ಗೂಡು ತೋಡಿ, ತಾನೇ ಪರಾಗ ಹೊತ್ತು ತಂದು, ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೋಗುತ್ತದೆ. ಕೂಡಿಡಲು ತುಪ್ಪವೂ ಇಲ್ಲ, ಕಾಯಲು ಮನೆಯೂ ಇಲ್ಲ, ಹಾಗಾಗಿ ಕಚ್ಚುವ ಹುಮ್ಮಸ್ಸೂ ಕಡಿಮೆ.

ನನಗೆ ಅಚ್ಚುಮೆಚ್ಚು ನೀಲಿಪಟ್ಟೆ ಜೇನು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳು, ಒಂದು ಕಡೆ ನೆಟ್ಟಗೆ ಕೂರದ ಸ್ವಭಾವ, ಫೋಟೋ ತೆಗೆಯುವವರ ತಾಳ್ಮೆ ಪರೀಕ್ಷಿಸಲೆಂದೇ ಹುಟ್ಟಿದ ಹಾಗೆ. ಸಂಜೆ ಮಾತ್ರ ಗಂಡುಗಳು ಒಣಗಿದ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ನಿದ್ದೆ ಹೋಗುತ್ತವೆ. ಇದರ ನಿಜವಾದ ಕಸುಬು ನೋಡಬೇಕಾದರೆ ಬದನೆ ಹೂವಿನ ಹತ್ತಿರ ಹೋಗಬೇಕು. ಬದನೆ, ಟೊಮೆಟೊ ಹೂವುಗಳ ಪರಾಗ ಮುಚ್ಚಿದ ಕೊಳವೆಯೊಳಗೆ ಇರುತ್ತದೆ, ತುದಿಯಲ್ಲಿ ಸಣ್ಣ ತೂತು. ನೀಲಿಪಟ್ಟೆ ಆ ಹೂವನ್ನು ತಬ್ಬಿ, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ, ಹಾರುವಾಗಿನದಕ್ಕಿಂತ ಕೀಚಲು ದನಿಯ ಜುಂಯ್ ಕೇಳುತ್ತದೆ, ಪರಾಗ ಉದುರುತ್ತದೆ. ಅಷ್ಟೆಲ್ಲ ಹೊಗಳಿಸಿಕೊಳ್ಳುವ ತುಡುವೆಗೆ ಈ ವಿದ್ಯೆ ಬರುವುದಿಲ್ಲ! ಯುರೋಪಿನ ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಯುವವರು ಇದೇ ಕೆಲಸಕ್ಕೆ ಬಂಬಲ್‌ಬೀ ಗೂಡುಗಳನ್ನು ದುಡ್ಡು ಕೊಟ್ಟು ತರಿಸುತ್ತಾರೆ. ನಮ್ಮ ಹಿತ್ತಿಲಿಗೆ ಪುಕ್ಕಟೆ.

ಈ ನೀಲಿಪಟ್ಟೆಗೂ ಒಬ್ಬ ಕಳ್ಳಿ ಇದ್ದಾಳೆ, ಕೋಗಿಲೆ ಜೇನು. ಕಪ್ಪು ಮೈ ಮೇಲೆ ನೀಲಿ ಚುಕ್ಕೆ, ನೋಡಲು ಬಲು ಚಂದ. ಗೂಡು ಕಟ್ಟುವ ಗೊಡವೆಯೇ ಇಲ್ಲ, ನೀಲಿಪಟ್ಟೆ ಮಣ್ಣಲ್ಲಿ ತೋಡಿದ ಗೂಡಿಗೆ ನುಗ್ಗಿ ತನ್ನ ಮೊಟ್ಟೆ ಇಟ್ಟು ಬರುತ್ತದೆ.

ಗುಲಾಬಿ ಎಲೆಗಳ ಅಂಚಿನಲ್ಲಿ ಕತ್ತರಿ ಆಡಿಸಿದ ಹಾಗೆ ದುಂಡನೆಯ ತುಂಡು ಮಾಯವಾದಾಗ ಅಮ್ಮ ಕಂಬಳಿಹುಳದ ಮೇಲೆ ಸಿಟ್ಟಾಗಿ "ಏನಾದ್ರೂ ಔಷಧಿ ಹೊಡಿ ಮಾರಾಯ" ಅಂದರು. ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಉದ್ದನೆಯ ತುಂಡುಗಳನ್ನು ಸುತ್ತಿ ಗೂಡಿನ ಗೋಡೆ, ದುಂಡನೆಯವು ಮುಚ್ಚಳ. ಎಲೆ ತಿನ್ನುವುದಿಲ್ಲ, ಗಿಡಕ್ಕೂ ಹೇಳಿಕೊಳ್ಳುವಂಥ ನಷ್ಟ ಇಲ್ಲ. ಬೀಗದ ತೂತು, ಬಿದಿರಿನ ಕೊಳವೆ, ಎಲ್ಲಿ ಜಾಗ ಸಿಕ್ಕರೂ ಆದೀತು. ಔಷಧಿ ಹೊಡೆಯಲಿಲ್ಲ. ಗುಲಾಬಿ ಪ್ರದರ್ಶನಕ್ಕೇನೂ ಇಟ್ಟಿಲ್ಲ, ಅಲ್ವಾ?

ದೊಡ್ಡ ತಕರಾರು ಇರುವುದು ಕರೀ ದುಂಬಿಯದು. ಹೆಬ್ಬೆರಳಿನ ಗಾತ್ರ, ಬಿಸಿಲಿಗೆ ನೀಲಿ-ನೇರಳೆ ಹೊಳೆಯುವ ರೆಕ್ಕೆ, ಕೇಳಿದವರು ಓಡುವಂಥ ಸದ್ದು. ಇದೂ ಜೇನೇ ಅಂದರೆ ಯಾರೂ ನಂಬುವುದಿಲ್ಲ. ಗಂಡಿಗೆ ಮುಳ್ಳೇ ಇಲ್ಲ, ಹೆಣ್ಣು ಕೈಯಲ್ಲಿ ಹಿಡಿದರೆ ಮಾತ್ರ ಚುಚ್ಚೀತು. ಅಲಸಂದೆ ಹೂವಿನ ಮೇಲೆ ಇದು ಕೂತರೆ ಆ ಭಾರಕ್ಕೆ ಹೂವು ತಾನಾಗಿ ಬಾಯಿ ಬಿಡುತ್ತದೆ. ಇದರ ಬಳಗದ ಒಂದು ಜಾತಿಯಂತೂ ಪಶ್ಚಿಮ ಘಟ್ಟದಲ್ಲಿ ಅಮಾವಾಸ್ಯೆಯ ಕತ್ತಲಲ್ಲೂ ಹೂವು ಹುಡುಕುತ್ತದೆ. ಸಮಸ್ಯೆ ಇಷ್ಟೇ, ಗೂಡಿಗೆ ಇದಕ್ಕೆ ನಮ್ಮ ತೊಂಡೆ ಚಪ್ಪರದ ಗಳವೇ ಬೇಕು. ದುಂಡು ತೂತು, ಕೆಳಗೆ ಹಿಟ್ಟಿನ ರಾಶಿ.

ಒಣಗಿದ ಗಳ ತೆಗೆದು ಹೊಸದು ಕಟ್ಟಬೇಕು ಅಂತ ಪ್ರತಿ ಮಳೆಗಾಲದ ಮುಂಚೆ ಮನೆಯಲ್ಲಿ ಮಾತಾಗುತ್ತದೆ. ಹಳೇ ಗಳವನ್ನು ಒಲೆಗೆ ಹಾಕಬೇಡಿ, ಕೊಟ್ಟಿಗೆ ಸೂರಿನ ಕೆಳಗೆ ಹಾಗೇ ಒರಗಿಸಿಡಿ ಅನ್ನುವುದು ನನ್ನ ವಾದ. ಹಿತ್ತಿಲ ಗೋಡೆಗೆ ಸಿಮೆಂಟ್ ಬಳಿಯುವುದೂ ಬೇಡ, ನೀಲಿಪಟ್ಟೆಗೆ ಮಣ್ಣು ಬೇಕು. ಅಮ್ಮ ಎಲ್ಲ ಕೇಳಿಸಿಕೊಂಡು, "ಇಷ್ಟೆಲ್ಲ ಸಾಕ್ತೀಯಲ್ಲ, ಒಂದು ಚಮಚ ತುಪ್ಪನಾದ್ರೂ ಬರತ್ತಾ?" ಅಂದರು. ಬರುವುದಿಲ್ಲ ಅಂದೆ. ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಈ ಮಾತು ತೆಗೆಯೋಣ ಅಂತ ಕಾಯುತ್ತಿದ್ದೇನೆ.