ಪಟ್ಟಿಯಲ್ಲಿ ಯಾರಿದ್ದಾರೆ?

2025ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಹಾಕಿ ಅಭಿಮಾನಿಗಳಿಗೆ ಒಂದರ ಹಿಂದೊಂದು ಎರಡು ಪೆಟ್ಟು ಬಿದ್ದವು. ಹದಿನೇಳು ವರ್ಷ ಕಪ್ಪಿಗಾಗಿ ಕಾದು, ‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ನಗೆಚಾಟಿಕೆಯ ಸರಕಾಗಿಸಿಕೊಂಡಿದ್ದ ನಮ್ಮೂರಿನ ಕ್ರಿಕೆಟ್ ತಂಡ ಆ ತಿಂಗಳ 3ರಂದು ನಿಜಕ್ಕೂ ಕಪ್ ಗೆದ್ದುಬಿಟ್ಟಿತು. ಮರುದಿನವೇ ಆ ಸಂಭ್ರಮಕ್ಕೆ ಸೂತಕ ಕವಿದದ್ದು ಊರಿಗೆಲ್ಲ ಗೊತ್ತಿರುವ ದುಃಖ, ಅದರ ಎದುರು ನಾನು ಹೇಳುತ್ತಿರುವುದು ಬರೀ ಸ್ವಾರ್ಥದ ಮಾತು. ಸೋಲನ್ನು ಹಂಚಿಕೊಳ್ಳಲು ನಮಗಿದ್ದ ಅತಿ ದೊಡ್ಡ ಬಳಗ ಬೆಳಗಾಗುವುದರೊಳಗೆ ಗೆದ್ದವರ ಸಾಲಿಗೆ ಸೇರಿಹೋಗಿತ್ತು. ಅಲ್ಲಿಯವರೆಗೆ ಕಚೇರಿಯಲ್ಲೋ ಕಾಫಿ ಅಂಗಡಿಯಲ್ಲೋ ‘ನಿಮ್ಮ ಹಾಕಿಯವರು ಏನು ಮಾಡಿದರು?’ ಎಂದು ಯಾರಾದರೂ ಕೆಣಕಿದರೆ, ‘ನಿಮ್ಮವರು ಮಾಡಿದ್ದನ್ನೇ’ ಎನ್ನುವ ಸಿದ್ಧ ಉತ್ತರವೊಂದು ಇತ್ತು. ಈಗ ಅದೂ ಇಲ್ಲವಾಯಿತು.

ಎರಡನೆಯ ಪೆಟ್ಟು ಹಾಕಿಯದೇ. ಅದೇ ವಾರ, ದೇಶಗಳ ತಂಡಗಳು ಆಡುವ ಪ್ರೊ ಲೀಗ್‌ನ ಯುರೋಪ್ ಹಂತಕ್ಕೆ ಇಳಿದ ಭಾರತ ತಂಡ ನೆದರ್ಲೆಂಡ್ಸ್ ಎದುರು 1-2 ಮತ್ತು 2-3ರಿಂದ, ಅರ್ಜೆಂಟೀನಾ ಎದುರು 3-4 ಮತ್ತು 1-2ರಿಂದ, ಆಸ್ಟ್ರೇಲಿಯಾ ಎದುರು ಎರಡು ಸಲವೂ 2-3ರಿಂದ ಸೋತಿತು. ಆರು ಪಂದ್ಯಗಳು, ಆರರಲ್ಲೂ ಒಂದೇ ಗೋಲಿನ ಅಂತರ. ಏಳನೆಯ ಪಂದ್ಯದಲ್ಲಿ ಬೆಲ್ಜಿಯಂನವರು 6-3ರಿಂದ ಚಚ್ಚಿದಾಗ ಒಂದು ಬಗೆಯ ನೆಮ್ಮದಿಯೇ ಆಯಿತೆನ್ನಬೇಕು, ಏಕೆಂದರೆ ಆ ಪಂದ್ಯದ ಕೊನೆಯ ನಿಮಿಷಗಳಲ್ಲಿ ಉಗುರು ಕಚ್ಚಿಕೊಂಡು ಕೂರುವ ಅಗತ್ಯವಿರಲಿಲ್ಲ. ಮರುದಿನ ಅದೇ ಬೆಲ್ಜಿಯಂನವರನ್ನು ಅದೇ ಹುಡುಗರು 4-3ರಿಂದ ಸೋಲಿಸಿ, ಒಂಬತ್ತು ತಂಡಗಳ ಲೀಗ್‌ನಲ್ಲಿ ಎಂಟನೆಯ ಸ್ಥಾನದೊಂದಿಗೆ ವಿಮಾನ ಹತ್ತಿದರು. ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಕಂಚು ಗೆದ್ದದ್ದೂ ಹೆಚ್ಚುಕಡಿಮೆ ಇದೇ ತಂಡ. ಈ ಸೋಲುಗಳಾದ ಮೂರು ತಿಂಗಳೊಳಗೆ ಬಿಹಾರದ ರಾಜ್‌ಗೀರ್‌ನಲ್ಲಿ ಕೊರಿಯಾವನ್ನು 4-1ರಿಂದ ಮಣಿಸಿ ಏಷ್ಯಾ ಕಪ್ ಎತ್ತಿದ್ದೂ ಇದೇ ತಂಡ. ಇಂಥವರನ್ನು ಏನೆಂದು ಬಯ್ಯುವುದು?

ಸದಾ ಸೋಲುವ ತಂಡವನ್ನು ನೆಚ್ಚಿಕೊಂಡವರ ಬಗ್ಗೆ ನನಗೆ ಸ್ವಲ್ಪ ಅಸೂಯೆಯಿದೆ. ಅವರ ದುಃಖಕ್ಕೊಂದು ಅಚ್ಚುಕಟ್ಟಿರುತ್ತದೆ. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು 0-2ರಿಂದ ಸೋತು, 1928ರಿಂದ ಒಮ್ಮೆಯೂ ತಪ್ಪದಿದ್ದ ಒಲಿಂಪಿಕ್ಸ್‌ಗೇ ಅರ್ಹತೆ ಕಳೆದುಕೊಂಡಾಗ ನಾವು ಹಿಡಿಶಾಪ ಹಾಕಿದೆವು, ಆಮೇಲೆ ಸುಮ್ಮನಾದೆವು. 2012ರ ಲಂಡನ್‌ನಲ್ಲಿ ಹನ್ನೆರಡು ತಂಡಗಳ ಪೈಕಿ ಹನ್ನೆರಡನೆಯವರಾಗಿ ಬಂದಾಗ ಆಡಲು ಮಾತೇ ಉಳಿದಿರಲಿಲ್ಲ. ಅಂಥ ಸೋಲುಗಳು ಬೇಗ ಹಳತಾಗುತ್ತವೆ. ಹಳತಾಗದಿರುವುದು 2000ದ ಸಿಡ್ನಿ. ಪೋಲೆಂಡ್ ವಿರುದ್ಧ 1-0ಯಿಂದ ಮುಂದಿದ್ದು, ಗೆದ್ದಿದ್ದರೆ ಸೆಮಿಫೈನಲ್ ತಲುಪಬಹುದಾಗಿದ್ದ ಪಂದ್ಯದಲ್ಲಿ ಮುಕ್ತಾಯಕ್ಕೆ ಎರಡು ನಿಮಿಷವೂ ಉಳಿಯದಿದ್ದಾಗ ಬಿಟ್ಟುಕೊಟ್ಟ ಆ ಒಂದು ಗೋಲು ಕಾಲು ಶತಮಾನ ಕಳೆದರೂ ನಮ್ಮ ನಡುವೆ ಬದುಕಿದೆ. ನಮ್ಮ ಬಳಗದಲ್ಲಿ ಈಗಲೂ, ಭಾರತ ಒಂದು ಗೋಲಿನಿಂದ ಮುಂದಿದ್ದು ಗಡಿಯಾರ ಕೊನೆಯ ನಿಮಿಷಗಳಿಗೆ ಬಂದಾಗ, ಯಾರಾದರೊಬ್ಬರು ‘ಪೋಲೆಂಡ್’ ಎಂದು ಗೊಣಗಿದರೆ ಉಳಿದವರು ಅವರನ್ನು ಕೆಕ್ಕರಿಸಿ ನೋಡುತ್ತಾರೆ. 2018ರ ಜಕಾರ್ತ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದವರು ಇದೇ ಗಳಿಗೆಯಲ್ಲಿ ಸಮ ಮಾಡಿಕೊಂಡು ಶೂಟೌಟ್‌ನಲ್ಲಿ ಗೆದ್ದರು. 2023ರ ವಿಶ್ವಕಪ್‌ನಲ್ಲಿ, ಅದೂ ತವರಿನ ಭುವನೇಶ್ವರದಲ್ಲಿ, 3-1ರಿಂದ ಮುಂದಿದ್ದ ನಮ್ಮವರು ನ್ಯೂಜಿಲೆಂಡ್ ಎದುರು 3-3ಕ್ಕೆ ಜಾರಿ ಶೂಟೌಟ್‌ನಲ್ಲಿ ಹೊರಬಿದ್ದು, ಕ್ವಾರ್ಟರ್‌ಫೈನಲ್ ಕೂಡ ಕಾಣದೆ ಒಂಬತ್ತನೆಯ ಸ್ಥಾನಕ್ಕೆ ಸಮಾಧಾನಪಟ್ಟುಕೊಂಡರು.

ಇದಕ್ಕೆಲ್ಲ ಕಾರಣ ಹುಡುಕುವುದರಲ್ಲಿ ನಾವು ಬಡವರಲ್ಲ. ಎಲ್ಲಕ್ಕಿಂತ ಹಳೆಯ ಕಾರಣ ಕೃತಕ ಹುಲ್ಲು. 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಅದರ ಮೇಲೆ ನಡೆದು, ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಏಳನೆಯ ಸ್ಥಾನಕ್ಕೆ ಇಳಿದದ್ದು ನಿಜ. ಆದರೆ ಈಗಿನ ಆಟಗಾರರು ಚಿಕ್ಕಂದಿನಿಂದ ಆ ಹುಲ್ಲಿನ ಮೇಲೆಯೇ ಬೆಳೆದವರು. ಐವತ್ತು ವರ್ಷದ ನೆಪವನ್ನು ಇನ್ನೆಷ್ಟು ದಿನ ಬೆನ್ನ ಮೇಲೆ ಹೊತ್ತು ತಿರುಗುವುದು? ಮುಂದಿನ ಕಾರಣ ತರಬೇತುದಾರ. ರಾಶ್, ಬ್ರಾಸಾ, ನಾಬ್ಸ್, ವಾಲ್ಶ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ರೀಡ್ ಹೀಗೆ ಜರ್ಮನಿ, ಸ್ಪೇನ್, ಆಸ್ಟ್ರೇಲಿಯಾ, ನೆದರ್ಲೆಂಡ್ಸ್‌ಗಳಿಂದ ಒಬ್ಬರಾದ ಮೇಲೊಬ್ಬರು ಬಂದರು, ಬಂದವರೆಲ್ಲ ತಮ್ಮದೊಂದು ಪದ್ಧತಿಯನ್ನು ತಂದರು, ಆ ಪದ್ಧತಿ ಆಟಗಾರರ ಕಾಲಿಗೆ ಹತ್ತುವ ಮೊದಲೇ ಹಲವರು ಹೊರಟೂ ಹೋದರು. ಈಗಿರುವ ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್ ಮೊದಲು ಗೋಲು ಕಾಯಿರಿ, ಆಮೇಲೆ ನುಗ್ಗಿರಿ ಎನ್ನುವ ಪೈಕಿ. ಕಂಚು ಬಂದಾಗ ಅದನ್ನು ವಿವೇಕ ಎಂದೆವು, ಸತತ ಏಳು ಸೋತಾಗ ಪುಕ್ಕಲುತನ ಎಂದೆವು.

ಹುಲ್ಲನ್ನು ಬಯ್ದರೆ ಅದಕ್ಕೆ ಕೇಳಿಸುವುದಿಲ್ಲ, ತರಬೇತುದಾರರನ್ನು ಬಯ್ದರೆ ಅವರಿಗೆ ಕನ್ನಡ ತಿಳಿಯುವುದಿಲ್ಲ. ಹೀಗಾಗಿ ಅಭಿಮಾನಿಯ ಸಿಟ್ಟೆಲ್ಲ ಕೊನೆಗೆ ಬಂದು ಕೂರುವುದು ತಂಡದ ಪಟ್ಟಿಯ ಮೇಲೆ. ಸಾಮಾನ್ಯವಾಗಿ ಹದಿನೆಂಟು ಹೆಸರು, ಒಲಿಂಪಿಕ್ಸ್‌ಗಾದರೆ ಹದಿನಾರು. ಈ ಆಟದಲ್ಲಿ ನಮ್ಮಂಥವರಿಗೆ ಆಡಲು ಸಿಗುವ ಭಾಗ ಅದೊಂದೇ. ಮೈದಾನದಲ್ಲಿ ನಾವು ಚೆಂಡು ಮುಟ್ಟಲಾರೆವು, ಆದರೆ ಪಟ್ಟಿಯ ಯಾವ ಹೆಸರನ್ನು ಬೇಕಾದರೂ ಹೊಡೆದುಹಾಕಬಲ್ಲೆವು. ಎರಡು ವರ್ಷದಿಂದ ಸರಿಯಾಗಿ ಗೋಲು ಹೊಡೆಯದ ಮುನ್ಪಡೆಯವನು ‘ಅನುಭವ’ದ ಬಲದ ಮೇಲೆ ಉಳಿದುಕೊಂಡದ್ದು, ಜೂನಿಯರ್ ತಂಡದಲ್ಲಿ ಮಿಂಚಿದವನನ್ನು ಒಂದೇ ಸರಣಿಗೆ ಕರೆದು ಮೂಲೆಯಲ್ಲಿ ಕೂರಿಸಿ ವಾಪಸು ಕಳಿಸಿದ್ದು, ಮಧ್ಯರಂಗಕ್ಕೆ ಹೇಳಿ ಮಾಡಿಸಿದ ಹುಡುಗನನ್ನು ರಕ್ಷಣೆಗೆ ಹಾಕಿ ಅವನ ಆಟವನ್ನೂ ಕೆಡಿಸಿದ್ದು, ಇವೆಲ್ಲ ಪಟ್ಟಿ ಹೊರಬಿದ್ದ ಅರ್ಧ ಗಂಟೆಯಲ್ಲಿ ನಮ್ಮ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದು ತೀರ್ಪನ್ನೂ ಪಡೆಯುತ್ತವೆ. ಮೇಲ್ಮನವಿಗೆ ಅವಕಾಶವಿಲ್ಲ.

ಈ ನ್ಯಾಯಾಲಯದ ಹಿರಿಯ ಸದಸ್ಯರೊಬ್ಬರು ನನಗೆ ಪರಿಚಯವಾದದ್ದು ಅಕ್ಕಿತಿಮ್ಮನಹಳ್ಳಿಯ ಹಾಕಿ ಕ್ರೀಡಾಂಗಣದಲ್ಲಿ. ಒಂದು ಕಾಲಕ್ಕೆ ಕೆರೆಯಾಗಿದ್ದ ಜಾಗ ಅದು. ಪಂದ್ಯಕ್ಕೆ ಮುನ್ನ ಟರ್ಫ್‌ಗೆ ನೀರು ಹಾಯಿಸುವುದನ್ನು ನೋಡಿದಾಗಲೆಲ್ಲ, ಇದ್ದ ನೀರನ್ನು ಓಡಿಸಿ ಈಗ ಪೈಪಿನಲ್ಲಿ ತರಿಸುತ್ತಿದ್ದೇವಲ್ಲ ಎನ್ನಿಸುತ್ತದೆ. ಹಿರಿಯರು ಕೊಡಗಿನವರು, ಬ್ಯಾಂಕಿನ ತಂಡಕ್ಕೆ ಆಡಿ ಅದೇ ಬ್ಯಾಂಕಿನಿಂದ ನಿವೃತ್ತರಾದವರು. ಸ್ಥಳೀಯ ಲೀಗ್ ಪಂದ್ಯವಾದರೂ ಅವರು ಗ್ಯಾಲರಿಯ ಮಧ್ಯದಲ್ಲಿ ಕೂರುವುದಿಲ್ಲ, ಗೋಲಿನ ಹಿಂಬದಿಗೆ ಹತ್ತಿರವಾದ ಮೂಲೆಯನ್ನೇ ಹಿಡಿಯುತ್ತಾರೆ. ಗೋಲಿನ ಮುಂದಿನ ವೃತ್ತದೊಳಗೆ ಚೆಂಡು ರಕ್ಷಕರ ಕಾಲಿಗೆ ತಗುಲುವಂಥ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್ ಕಾಣಿಸುವುದು ಅಲ್ಲಿಂದಲೇ ಎನ್ನುವುದು ಅವರ ವಾದ, ಅದು ಸರಿಯೂ ಹೌದು. ಗೋಲ್‌ಕೀಪರ್ ಸೇರಿ ಐವರು ಗೆರೆಯ ಹಿಂದೆ ನಿಲ್ಲುತ್ತಾರೆ, ರಕ್ಷಕರು ಆತುರಾತುರವಾಗಿ ಮುಖವಾಡ ಏರಿಸಿಕೊಳ್ಳುತ್ತಾರೆ, ಗೋಲ್‌ಕಂಬದಿಂದ ಹತ್ತು ಮೀಟರ್ ಆಚೆಯಿಂದ ಒಬ್ಬ ಚೆಂಡನ್ನು ತಳ್ಳುತ್ತಾನೆ, ವೃತ್ತದ ಅಂಚಿನಲ್ಲಿ ಇನ್ನೊಬ್ಬ ಮಂಡಿಯೂರಿ ಸ್ಟಿಕ್ಕನ್ನು ನೆಲಕ್ಕೆ ಅಂಟಿಸಿ ನಿಲ್ಲಿಸುತ್ತಾನೆ, ಮೂರನೆಯವನು ಮೈಯನ್ನೆಲ್ಲ ಬಿಲ್ಲಿನಂತೆ ಬಾಗಿಸಿ ಚೆಂಡನ್ನು ಎಳೆದು ಬೀಸುತ್ತಾನೆ. ಮೊದಲ ರಕ್ಷಕ ಚೆಂಡಿಗೆ ಎದೆಯೊಡ್ಡಿ ಓಡಿಬರುವ ಆ ಒಂದೂವರೆ ಕ್ಷಣದಲ್ಲಿ ನಮ್ಮ ಹಿರಿಯರು ಉಸಿರಾಡುವುದಿಲ್ಲ. ಗೋಲಿನ ಹಲಗೆಗೆ ಚೆಂಡು ಧಡ್ ಎಂದು ಬಡಿದರೆ ‘ಆಯ್ತು’ ಎನ್ನುತ್ತಾರೆ. ಬಡಿಯದಿದ್ದರೆ ನನ್ನ ಕಡೆ ತಿರುಗುತ್ತಾರೆ.

“ನೋಡಿ ಸಾರ್, ವೃತ್ತದೊಳಗೆ ಬಂದವನಿಗೆ ಗೋಲು ಕಾಣೋದೇ ಇಲ್ಲ. ಎದುರಾಳಿಯ ಕಾಲು ಎಲ್ಲಿದೆ ಅಂತ ಹುಡುಕ್ತಾನೆ. ಕಾಲಿಗೆ ಹೊಡೆದು ಕಾರ್ನರ್ ಗಿಟ್ಟಿಸಿದರೆ ಅವನ ಕೆಲಸ ಮುಗೀತು.”

ಭಾರತ ತಂಡದ ಬಗ್ಗೆ ಇದಕ್ಕಿಂತ ಸರಿಯಾದ ದೂರನ್ನು ನಾನು ಕೇಳಿಲ್ಲ. ಪ್ಯಾರಿಸ್‌ನಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗ್ ಒಬ್ಬರೇ ಹತ್ತು ಗೋಲು ಹೊಡೆದರು, ಬಹುಪಾಲು ಕಾರ್ನರ್ ಮತ್ತು ಪೆನಾಲ್ಟಿ ಸ್ಟ್ರೋಕ್‌ಗಳಿಂದಲೇ. ಹತ್ತು ಗೋಲು ಹೊಡೆದವರನ್ನು ದೂರುವುದು ಕೃತಘ್ನತೆಯಾದೀತು. ನನ್ನ ತಕರಾರು ಉಳಿದವರ ಮೇಲೆ. ಒಬ್ಬನ ಮಣಿಕಟ್ಟಿನ ಮೇಲೆ ಇಡೀ ದೇಶದ ಲೆಕ್ಕಾಚಾರ ನಿಂತಾಗ, ಆ ಮಣಿಕಟ್ಟು ಹದ ತಪ್ಪಿದ ದಿನ ಮುನ್ಪಡೆಯ ಐದಾರು ಮಂದಿ ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿರಬೇಕಲ್ಲವೇ? 2023ರಲ್ಲಿ ಇರಲಿಲ್ಲ.

ಪಟ್ಟಿ ಬಂದೊಡನೆ ನಾವು ಇಲ್ಲಿನವರು ಮಾಡುವ ಇನ್ನೊಂದು ಕೆಲಸವಿದೆ. ಕೊಡಗಿನ ಹೆಸರೇನಾದರೂ ಇದೆಯೇ ಎಂದು ಮೇಲಿನಿಂದ ಕೆಳಗೆ ಬೆರಳಾಡಿಸುವುದು. 1975ರ ವಿಶ್ವಕಪ್ ಗೆದ್ದ ತಂಡದಲ್ಲಿ ಬಿ. ಪಿ. ಗೋವಿಂದ ಇದ್ದರು, 1980ರ ಮಾಸ್ಕೊ ಚಿನ್ನದ ತಂಡದಲ್ಲಿ ಎಂ. ಎಂ. ಸೋಮಯ್ಯ ಇದ್ದರು. 2016ರ ರಿಯೊಗೆ ಹೋದ ಹದಿನಾರರಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂದು ನಾಲ್ವರಿದ್ದರು. ಟೋಕಿಯೊ ಹೊತ್ತಿಗೆ ಒಬ್ಬರೂ ಉಳಿಯಲಿಲ್ಲ, ಪ್ಯಾರಿಸ್‌ನಲ್ಲೂ ಇಲ್ಲ. 1997ರಿಂದ ನಡೆದುಕೊಂಡು ಬಂದಿರುವ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಈಚೆಗೆ ಮುನ್ನೂರಕ್ಕೂ ಹೆಚ್ಚು ಒಕ್ಕಗಳು ತಂಡ ಇಳಿಸುತ್ತವೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಅಷ್ಟು ದೊಡ್ಡ ಜಾತ್ರೆಯಿಂದ ಒಬ್ಬನೂ ಒಲಿಂಪಿಕ್ಸ್ ತಲುಪುವುದಿಲ್ಲವೆಂದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಟೋಕಿಯೊದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ನಲವತ್ತೊಂದು ವರ್ಷದ ಪದಕದ ಬರ ನೀಗಿದಾಗ ಈ ಕೊರತೆ ಯಾರಿಗೂ ನೆನಪಾಗಲಿಲ್ಲ, ಹಿರಿಯರು ಕೂಡ ಗೋಲ್‌ಕೀಪರ್ ಶ್ರೀಜೇಶ್ ಗೋಲಿನ ಮೇಲೇರಿ ಕುಳಿತ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡರು. ನೆನಪಾಗುವುದು ಸೋತಾಗ. ‘ಸುನಿಲ್‌ನಂಥ ಓಟ ಈಗ ಯಾರಿಗಿದೆ?’ ಎಂಬ ಪ್ರಶ್ನೆ ಗೆದ್ದ ದಿನ ಏಳುವುದೇ ಇಲ್ಲ.

ಬೆಂಗಳೂರಿನ ಪಾಡು ಇನ್ನೂ ವಿಚಿತ್ರ. ರಾಷ್ಟ್ರೀಯ ತಂಡದ ಶಿಬಿರ ನಡೆಯುವುದು ಹೆಚ್ಚಾಗಿ ನಮ್ಮ ಜ್ಞಾನಭಾರತಿಯ ಪಕ್ಕದ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಸಂಭಾವ್ಯರ ಪಟ್ಟಿಯಲ್ಲಿದ್ದವರೆಲ್ಲ ತಿಂಗಳುಗಟ್ಟಲೆ ಇದೇ ಊರಿನ ನೀರು ಕುಡಿದು, ಇದೇ ಊರಿನ ಟ್ರಾಫಿಕ್ಕನ್ನು ಬಯ್ಯುತ್ತ ಇರುತ್ತಾರೆ. ಆದರೆ ಊರಿಗೆ ತನ್ನದೆನ್ನುವ ಲೀಗ್ ತಂಡವೊಂದಿಲ್ಲ. 2005ರಲ್ಲಿ ಶುರುವಾದ ಪ್ರೀಮಿಯರ್ ಹಾಕಿ ಲೀಗ್‌ನಲ್ಲಿ ನಮ್ಮ ತಂಡವಿತ್ತು, 2012ರ ವರ್ಲ್ಡ್ ಸೀರೀಸ್‌ನಲ್ಲಿ ಕರ್ನಾಟಕ ಲಯನ್ಸ್ ಇತ್ತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂದಾಗ ನಾವಿರಲಿಲ್ಲ, ಏಳು ವರ್ಷ ನಿಂತುಹೋಗಿದ್ದ ಅದು 2024ರ ಡಿಸೆಂಬರ್‌ನಲ್ಲಿ ಮತ್ತೆ ಚಿಗುರಿದಾಗಲೂ ಎಂಟು ತಂಡಗಳಲ್ಲಿ ಬೆಂಗಳೂರು ಇಲ್ಲ. ಚೆನ್ನೈಯ ಪಕ್ಷ ವಹಿಸಿ ಕಿರುಚಬೇಕೋ ಹೈದರಾಬಾದಿನ ಪಕ್ಷವೋ ಎಂದು ತಿಳಿಯದೆ ನಾವು ಟಿವಿ ಮುಂದೆ ಕೂತು ಅಂಪೈರ್‌ನ ತಪ್ಪುಗಳನ್ನು ಎಣಿಸುತ್ತೇವೆ.

ಹಾಗಿದ್ದರೆ ಬಿಟ್ಟುಬಿಡಬಹುದಲ್ಲ ಎಂದು ಮನೆಯಲ್ಲಿ ಕೇಳುತ್ತಾರೆ. ಬಿಡಲು ಈ ತಂಡವೇ ಬಿಡುವುದಿಲ್ಲ. ಪ್ಯಾರಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ ಹತ್ತೇ ಮಂದಿ ಸುಮಾರು ನಲವತ್ತು ನಿಮಿಷ ಬ್ರಿಟನ್ನನ್ನು 1-1ಕ್ಕೆ ತಡೆದು, ಶೂಟೌಟ್‌ನಲ್ಲಿ 4-2ರಿಂದ ಗೆದ್ದ ಪಂದ್ಯವನ್ನು ನೋಡಿದವರು ಅದಾದ ಮೇಲೆ ಏಳಲ್ಲ, ಹದಿನೇಳು ಸೋಲನ್ನಾದರೂ ಕೂತು ನೋಡುತ್ತಾರೆ. ನೋಡುತ್ತ ಬಯ್ಯುತ್ತಾರೆ ಎನ್ನುವುದು ಬೇರೆ ಮಾತು.

2026ರ ಆಗಸ್ಟ್‌ನ ವಿಶ್ವಕಪ್ಪಿಗೆ, ಅದೇ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂಗಳಿಗೆ ಹೋಗಬೇಕಾದವರ ಪಟ್ಟಿಯನ್ನು ನಾನೂ ಹಿರಿಯರೂ ಬೇರೆ ಬೇರೆಯಾಗಿ ಸಿದ್ಧಪಡಿಸಿದ್ದೇವೆ. ನನ್ನದರಲ್ಲಿ ಹದಿನೇಳು ಹೆಸರು ಖಚಿತ, ಕೊನೆಯದೊಂದು ಸ್ಥಾನವನ್ನು ಕಾರ್ನರ್‌ನಲ್ಲಿ ಚೆಂಡನ್ನು ಎಳೆದು ಬೀಸುವ ಮೂರನೆಯ ಡ್ರ್ಯಾಗ್‌ಫ್ಲಿಕ್ಕರ್‌ಗೆ ಕೊಡುವುದೋ ಕಾಲು ಹುಡುಕದೆ ಗೋಲು ಹುಡುಕುವ ಒಬ್ಬ ಎಳೆಯ ಮುನ್ಪಡೆಯವನಿಗೋ ಎಂಬುದು ಬಗೆಹರಿದಿಲ್ಲ. ಹಿರಿಯರ ಪಟ್ಟಿಯನ್ನು ಎಣಿಸಿದರೆ ಇಪ್ಪತ್ತೊಂದು ಹೆಸರು ಬಂತು. ಮೂವರನ್ನು ಕೈಬಿಡಬೇಕಲ್ಲ ಎಂದಾಗ ಅವರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, “ಅದು ಆಯ್ಕೆ ಸಮಿತಿಯವರ ಕೆಲಸ ಸಾರ್, ಆ ಪಾಪ ನಾನ್ಯಾಕೆ ಕಟ್ಟಿಕೊಳ್ಳಲಿ?” ಎಂದರು.