ಅಪ್ಪನ ಟಿಪ್ಪಣಿಗಳನ್ನು ಉಳಿಸಿಕೊಳ್ಳಿ

ತೀರಿಕೊಂಡ ತಂದೆಯ ಬಗ್ಗೆ ಮಗಳು ಬರೆದ ಈ ಲೇಖನ ಓದಿ ಮನಸ್ಸು ತುಂಬಿ ಬಂತು. ಆ ತಂದೆ ನಿವೃತ್ತರಾಗುವ ತನಕ ವಿಮಾನಗಳ ಫಟೀಗ್ ಪರೀಕ್ಷೆಯಲ್ಲಿದ್ದರು (ಮತ್ತೆ ಮತ್ತೆ ಬೀಳುವ ಒತ್ತಡಕ್ಕೆ ಲೋಹ ದಣಿದು ಬಿರುಕು ಬಿಡುತ್ತದೆಯೇ ಎಂದು ನೋಡುವ ಕೆಲಸ) ಎಂಬುದು ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ. ಅದೇ ಕ್ಷೇತ್ರದಲ್ಲಿ ದುಡಿದವನಾಗಿ ಆ ಸಾಲಿನ ತೂಕ ನನಗೆ ಗೊತ್ತು.

1954ರಲ್ಲಿ ಕಾಮೆಟ್ ಎಂಬ ಎರಡು ಪ್ರಯಾಣಿಕ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದವು. ಹಾರಾಟದಿಂದ ಹಾರಾಟಕ್ಕೆ ಕ್ಯಾಬಿನ್ನಿನ ಗಾಳಿಯ ಒತ್ತಡ ಏರಿ ಇಳಿದು, ಹೊರಕವಚದ ಕಿಂಡಿಗಳ ಮೂಲೆಯಲ್ಲಿ ಬಿರುಕು ಬೆಳೆದಿತ್ತು. ಅಂಥದೇ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಅದು ಸೀಳುವವರೆಗೂ ಒತ್ತಡ ಕೊಟ್ಟು ಬಿಟ್ಟು ಕಾರಣ ಹಿಡಿದರು. ಇಂದಿಗೂ ಪ್ರಯಾಣಿಕ ವಿಮಾನದ ರೆಕ್ಕೆ, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ 1.5 ಪಟ್ಟನ್ನು ಮುರಿಯದೆ 3 ಸೆಕೆಂಡ್ ತಡೆಯಲೇಬೇಕು. ಇಂಥವರು ಸಹಿ ಹಾಕಿದ ಮೇಲೆಯೇ ನಾವೆಲ್ಲ ಕಿಟಕಿ ಪಕ್ಕ ಕೂತು ನಿಶ್ಚಿಂತೆಯಿಂದ ನಿದ್ದೆ ಹೋಗುವುದು.

ನಿಮ್ಮ ಅಪ್ಪ ಮೊಮ್ಮಗನ ಸೈಕಲ್ಲಿನ ಬೋಲ್ಟ್ ಬಿಗಿ ಮಾಡಿ, ಮರುದಿನ ಮತ್ತೆ ಮುಟ್ಟಿ ನೋಡುತ್ತಿದ್ದರಂತೆ. ಮನೆಯಲ್ಲೂ ಅದೇ ಮನುಷ್ಯ! ಪರೀಕ್ಷೆಯ ದಿನಗಳಲ್ಲಿ ಅವರು ತಡವಾಗಿ ಬಂದರೂ ಊಟಕ್ಕೆ ಕಾದು ಕೂರುತ್ತಿದ್ದ ನಿಮ್ಮ ತಾಯಿಗೂ ನನ್ನ ನಮಸ್ಕಾರ.

ಒಂದು ವಿನಂತಿ, ತಂಗಿ. ಅಪ್ಪನ ಕೈಬರಹದ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ತೋರಿಸಿ.